ಗಿರಿಕ್ ಸತ್ತಿತು, ಜಮೀನು ಯಾರದು?

2026ರ ಫೆಬ್ರವರಿ 2 ಸಮೀಪಿಸುತ್ತಿದ್ದಂತೆ ಇಂಡೊನೇಷ್ಯಾದಲ್ಲಿ ಒಂದು ಸುದ್ದಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯಿತು. ಗಿರಿಕ್, ಪೆಟೊಕ್ ಡಿ, ಲೆಟರ್ ಸಿ ಎಂಬ ಹಳೆಯ ಕಾಗದಗಳನ್ನು ನಂಬಿಕೊಂಡು ಜಮೀನು ಅನುಭವಿಸುತ್ತಿರುವವರು ಆ ದಿನದೊಳಗೆ ನೋಂದಣಿ ಮಾಡಿಸದಿದ್ದರೆ ಭೂಮಿ ಸರ್ಕಾರದ ಪಾಲಾಗುತ್ತದೆ ಎಂಬುದು ಅದರ ತಿರುಳು. ಹಾಗೇನೂ ಇಲ್ಲ, ಯಾರ ಭೂಮಿಯನ್ನೂ ಕಸಿದುಕೊಳ್ಳುವುದಿಲ್ಲ ಎಂದು ಭೂ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ಆದರೆ ಇದೇ ಸಚಿವಾಲಯದ ಮುಖ್ಯಸ್ಥ ನುಸ್ರೊನ್ ವಾಹಿದ್ ಅವರು 2025ರ ಆಗಸ್ಟ್‌ನಲ್ಲಿ, ಪಾಳು ಬಿಟ್ಟ ಭೂಮಿಯ ವಿಚಾರ ಮಾತನಾಡುತ್ತ, ಭೂಮಿಯೆಲ್ಲ ಸರ್ಕಾರದ್ದೇ ಎಂಬರ್ಥದ ಮಾತನ್ನಾಡಿ ಆಮೇಲೆ ಬಹಿರಂಗವಾಗಿ ಕ್ಷಮೆ ಕೇಳಿದ್ದರು. ಜನ ಕ್ಷಮೆಯನ್ನು ಮರೆತರು, ಮಾತನ್ನು ನೆನಪಿಟ್ಟುಕೊಂಡರು. ಹಾಗಾಗಿ ಸ್ಪಷ್ಟನೆ ಬಂದಷ್ಟೂ ಅನುಮಾನ ಹೆಚ್ಚಿತು.

ಸುದ್ದಿ ಸುಳ್ಳು, ನಿಜ. ಆದರೆ ಸ್ಪಷ್ಟನೆಯೂ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. ಗಡುವು ದಾಟಿದ ಮರುದಿನ ಯಾವ ಹೊಲವೂ ಕೈ ಬದಲಾಗಲಿಲ್ಲ. ಬದಲಾದದ್ದು, ಆ ಹೊಲ ಯಾರದೆಂದು ತೀರ್ಮಾನಿಸುವ ಜಾಗ. ಅದು ಹಳ್ಳಿಯ ಕಚೇರಿಯಿಂದ ಜಿಲ್ಲಾ ಭೂ ಕಚೇರಿಗೆ ಹೋಯಿತು. ಈ ಸ್ಥಳಾಂತರದ ಪೆಟ್ಟು ಎಲ್ಲರಿಗೂ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ಯಾರಿಗೆ ಹೇಗೆ ಎಂಬುದನ್ನು ನೋಡಲು ಬೆಟ್ಟದ ಮೇಲಿನ ಸಣ್ಣ ಹಳ್ಳಿಗಳಿಗಿಂತ ಒಳ್ಳೆಯ ಜಾಗವಿಲ್ಲ.

ನಿಯಮ ನಿಜಕ್ಕೂ ಏನು ಹೇಳುತ್ತದೆ

ಗೊಂದಲದ ಮೂಲ 2021ರ 18ನೇ ಸರ್ಕಾರಿ ನಿಯಮಾವಳಿಯ 96ನೇ ವಿಧಿ. ಹಿಂದಿನ ವರ್ಷ ಭಾರಿ ವಿರೋಧದ ನಡುವೆ ಬಂದಿದ್ದ ಉದ್ಯೋಗ ಸೃಷ್ಟಿ ಕಾಯ್ದೆಯ ಬೆನ್ನಿಗೇ ಈ ನಿಯಮಾವಳಿ ಹುಟ್ಟಿತು. ಸಂಪ್ರದಾಯದ ಪ್ರಕಾರ ವ್ಯಕ್ತಿಯೊಬ್ಬನ ಸ್ವತ್ತಾಗಿದ್ದ ಭೂಮಿಗೆ ಸಂಬಂಧಿಸಿದ ಹಳೆಯ ಲಿಖಿತ ದಾಖಲೆಗಳನ್ನು ಐದು ವರ್ಷದೊಳಗೆ ನೋಂದಣಿಗೆ ತರಬೇಕು. ತರದಿದ್ದರೆ ಆ ಕಾಗದ ಹಕ್ಕಿನ ಪುರಾವೆಯಾಗಿ ನಿಲ್ಲುವುದಿಲ್ಲ, ನೋಂದಣಿ ಮಾಡುವಾಗ ಕೇವಲ ಸುಳಿವಾಗಿ ಬಳಕೆಯಾಗುತ್ತದೆ. ವಿಧಿಯ ಸಾರ ಇಷ್ಟೇ.

ಅಂದರೆ ಸತ್ತದ್ದು ಕಾಗದ, ಹಕ್ಕಲ್ಲ. 1960ರ ಮೂಲ ಭೂ ಕಾಯ್ದೆ ಹಳ್ಳಿಗರ ಸಾಂಪ್ರದಾಯಿಕ ಖಾಸಗಿ ಒಡೆತನವನ್ನು ಆಗಲೇ ಹೊಸ ಕಾನೂನಿನ ಪೂರ್ಣ ಒಡೆತನವಾಗಿ ಪರಿವರ್ತಿಸಿತ್ತು. ಆ ಒಡೆತನಕ್ಕೆ ಈಗಲೂ ಚ್ಯುತಿಯಿಲ್ಲ. ಇಪ್ಪತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸದ್ಭಾವನೆಯಿಂದ, ಯಾರ ತಕರಾರೂ ಇಲ್ಲದೆ ಭೂಮಿಯನ್ನು ಅನುಭವಿಸಿದವರು ಸಾಕ್ಷಿಗಳ ಬಲದ ಮೇಲೆ ನೋಂದಣಿ ಮಾಡಿಸಿಕೊಳ್ಳುವ ದಾರಿಯನ್ನು 1997ರ ನೋಂದಣಿ ನಿಯಮಾವಳಿ ತೆರೆದಿಟ್ಟಿದೆ, ಅದು ಮುಚ್ಚಿಲ್ಲ. ಗಡುವಿಗೆ ಮುಂಚೆ ಹೋದವನು ಕಾಗದ ತೋರಿಸುತ್ತಿದ್ದ. ಈಗ ಹೋಗುವವನು ಕಾಗದದ ಜತೆಗೆ ಉಳುಮೆಯನ್ನೂ ಅಕ್ಕಪಕ್ಕದವರ ಒಪ್ಪಿಗೆಯನ್ನೂ ತೋರಿಸಬೇಕು. ತಕರಾರಿಲ್ಲದವನಿಗೆ ಇದು ಒಂದಿಷ್ಟು ಹೆಚ್ಚಿನ ಓಡಾಟ. ತಕರಾರಿರುವವನಿಗೆ ಇದೇ ಗಂಡಾಂತರ, ಏಕೆಂದರೆ ಅವನ ಕೈಯಲ್ಲಿದ್ದ ಒಂದೇ ಆಯುಧ ಮೊಂಡಾಗಿದೆ.

ಒಡೆತನಕ್ಕಾಗಿ ಹುಟ್ಟದ ಕಾಗದ

ವಿಚಿತ್ರವೆಂದರೆ ಗಿರಿಕ್ ಎಂದೂ ಒಡೆತನದ ಪತ್ರವಾಗಿರಲಿಲ್ಲ. ಜಾವಾವನ್ನು 1811ರಿಂದ 1816ರವರೆಗೆ ಬ್ರಿಟಿಷರು ಆಳಿದಾಗ ಅವರ ಲೆಫ್ಟಿನೆಂಟ್ ಗವರ್ನರ್ ರಾಫಲ್ಸ್ ಭೂಕಂದಾಯ ಪದ್ಧತಿ ತಂದ. ಅವನ ನಂತರ ಮರಳಿದ ಡಚ್ಚರು ಅದನ್ನು ಮುಂದುವರಿಸಿ ಬೆಳೆಸಿದರು. ಯಾವ ತಾಕಿಗೆ ಯಾರು ಕಂದಾಯ ಕಟ್ಟಬೇಕೆಂದು ಬರೆದಿಟ್ಟ ದಪ್ಪ ಪುಸ್ತಕ ಹಳ್ಳಿಯ ಕಚೇರಿಯಲ್ಲಿ ಉಳಿಯಿತು. ಅದೇ ಲೆಟರ್ ಸಿ. ಅದರಿಂದ ಇಳಿಸಿ ರೈತನ ಕೈಗೆ ಕೊಟ್ಟ ಚೀಟಿ ಕೆಲವೆಡೆ ಗಿರಿಕ್, ಕೆಲವೆಡೆ ಪೆಟೊಕ್. ಪುಸ್ತಕ ಇಟ್ಟುಕೊಳ್ಳುವವನು ಹಳ್ಳಿಯ ಕಾರ್ಯದರ್ಶಿಯಾದ ಚಾರಿಕ್. ತಂದೆ ತೀರಿಕೊಂಡರೆ, ಜಮೀನು ಮಾರಿದರೆ, ಅಣ್ಣತಮ್ಮಂದಿರು ಭಾಗವಾದರೆ ಚಾರಿಕ್ ಹಳೆಯ ಹೆಸರಿಗೆ ಗೆರೆ ಎಳೆದು ಹೊಸ ಹೆಸರು ಬರೆಯುತ್ತಿದ್ದ. ಬರೆಯದೇ ಉಳಿದದ್ದೂ ಬೇಕಾದಷ್ಟು. ಪೌತಿ ಖಾತೆಯಾಗದೆ ತಾತನ ಹೆಸರಿನಲ್ಲೇ ಉಳಿದ ಪಹಣಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದ ಕರ್ನಾಟಕದ ರೈತನಿಗೆ ಈ ಗೋಳನ್ನು ಬಿಡಿಸಿ ಹೇಳಬೇಕಿಲ್ಲ.

ಕಂದಾಯದ ಚೀಟಿ ಒಡೆತನದ ನಿರ್ಣಾಯಕ ಪುರಾವೆಯಲ್ಲ ಎಂದು ಇಂಡೊನೇಷ್ಯಾದ ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿತ್ತು. ಆದರೂ ಬೇರೆ ಕಾಗದವೇ ಇಲ್ಲದ ಕಡೆ ಇದ್ದ ಕಾಗದವೇ ಪ್ರಮಾಣವಾಯಿತು. ಜನ ಗಿರಿಕ್ ತೋರಿಸಿ ಜಮೀನು ಕೊಂಡರು, ಗಿರಿಕ್ ಇಟ್ಟು ಸಾಲ ತಂದರು. ಅದರ ನಿಜವಾದ ಬಲ ಕಾಗದದಲ್ಲಿರಲಿಲ್ಲ. ಚಾರಿಕ್‌ಗೆ, ಮುಖ್ಯಸ್ಥನಿಗೆ, ನೆರೆಹೊಲದವನಿಗೆ ಆ ತಾಕಿನ ಚರಿತ್ರೆ ಗೊತ್ತಿತ್ತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅಷ್ಟು ಸಾಕು. ಹೊರಗಿನವನು ಹಣದ ಚೀಲ ಹಿಡಿದು ಬಂದಾಗ ಸಾಲದು.

ದಿಯೆಂಗ್: ಆಲೂಗಡ್ಡೆ ಮತ್ತು ಬೆಲೆ ಬಂದ ಭೂಮಿ

ಮಧ್ಯ ಜಾವಾದ ದಿಯೆಂಗ್ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ವೊನೊಸೊಬೊ ಮತ್ತು ಬಂಜಾರ್‌ನೆಗಾರಾ ಜಿಲ್ಲೆಗಳ ಗಡಿ ಇದರ ಮೇಲೆಯೇ ಹಾದುಹೋಗುತ್ತದೆ. ಭೀಮ, ಅರ್ಜುನ, ಗಟೋತ್ಕಚರ ಹೆಸರಿನ ಪುಟ್ಟ ಪುರಾತನ ಶಿವಾಲಯಗಳು ಇಲ್ಲಿವೆ. ಸುತ್ತಲೂ ಗಂಧಕದ ಹೊಗೆ ಉಗುಳುವ ಬಾಯಿಗಳು. 1979ರ ಫೆಬ್ರವರಿಯಲ್ಲಿ ಸಿನಿಲಾ ಕುಳಿಯ ಸ್ಫೋಟದ ವೇಳೆ ಹೊರಬಂದ ವಿಷಾನಿಲಕ್ಕೆ ಸಿಕ್ಕಿ 149 ಹಳ್ಳಿಗರು ಸತ್ತರು. ಅಂಥ ನೆಲವನ್ನೂ ಜನ ಬಿಟ್ಟುಹೋಗಲಿಲ್ಲ, ಏಕೆಂದರೆ ಜ್ವಾಲಾಮುಖಿಯ ಮಣ್ಣು ಹಾಕಿದ್ದನ್ನೆಲ್ಲ ಬೆಳೆಯುತ್ತದೆ.

1980ರ ದಶಕದಲ್ಲಿ ಇಲ್ಲಿ ಆಲೂಗಡ್ಡೆ ಬಂತು. ಅದಕ್ಕೆ ಮುಂಚೆ ಮುಸುಕಿನ ಜೋಳ, ಹೊಗೆಸೊಪ್ಪು, ತರಕಾರಿ ಬೆಳೆಯುತ್ತಿದ್ದ ಜನಕ್ಕೆ ಹಣ ತರುವ ಬೆಳೆ ಸಿಕ್ಕಿತು. ಹಜ್ ಯಾತ್ರೆಗೆ ಹೋಗಿಬಂದವರು, ಗಾರೆ ಮನೆ ಕಟ್ಟಿದವರು ಹೆಚ್ಚಿದರು. ಉಳುಮೆ ಇಳಿಜಾರು ಹತ್ತುತ್ತ ನೆತ್ತಿ ಮುಟ್ಟಿತು. 1998ರಲ್ಲಿ ಸುಹಾರ್ತೊ ಆಡಳಿತ ಕುಸಿದ ನಂತರದ ಒಂದೆರಡು ವರ್ಷ ಅರಣ್ಯಕ್ಕೆ ಕಾವಲೇ ಇಲ್ಲದಂತಾಗಿ, ಸುತ್ತಲಿನ ಸರ್ಕಾರಿ ಕಾಡಿನ ಮರ ಉರುಳಿ ಅಲ್ಲಿಯೂ ಆಲೂಗಡ್ಡೆಯ ಸಾಲು ಬಂತು. ಸಾಲುಗಳನ್ನು ಇಳಿಜಾರಿನ ಉದ್ದಕ್ಕೆ, ಮೇಲಿಂದ ಕೆಳಕ್ಕೆ ತೆಗೆಯುತ್ತಾರೆ; ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ನೀರು ಹರಿದಾಗ ಮಣ್ಣೂ ಹರಿಯುತ್ತದೆ. ಆ ಮಣ್ಣು ಸೆರಾಯು ನದಿಗೆ ಸೇರಿ ಕೆಳಗಿನ ಮ್ರಿಚಾ ಜಲವಿದ್ಯುತ್ ಜಲಾಶಯವನ್ನು ತುಂಬುತ್ತಿದೆ. ಜುಲೈ, ಆಗಸ್ಟ್‌ನಲ್ಲಿ ಕೆಲವು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಎಲೆಗಳ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ರೈತರು ಇದನ್ನು ವಿಷದ ಇಬ್ಬನಿ ಎನ್ನುತ್ತಾರೆ. ಪ್ರವಾಸಿಗರು ಅದರ ಫೋಟೊ ತೆಗೆಯಲು ಬರುತ್ತಾರೆ. ಜಾವಾದ ಅತಿ ಎತ್ತರದ ಹಳ್ಳಿಯೆಂದು ಹೆಸರಾದ ಸೆಂಬುಂಗನ್‌ಗೆ ಸೂರ್ಯೋದಯ ನೋಡುವವರ ದಂಡು ಬರತೊಡಗಿದ ಮೇಲೆ ಮನೆಗಳು ತಂಗುಮನೆಗಳಾದವು.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ಜೋಳ ಬೆಳೆಯುವ ಇಳಿಜಾರಿನ ಮೇಲೆ ಯಾರ ಕಣ್ಣೂ ಇರಲಿಲ್ಲ, ಹಾಗಾಗಿ ಗಿರಿಕ್‌ನಲ್ಲಿ ಯಾರ ಹೆಸರಿದ್ದರೂ ನಡೆಯುತ್ತಿತ್ತು. ಆಲೂಗಡ್ಡೆ, ಆಮೇಲೆ ಪ್ರವಾಸೋದ್ಯಮ ಬಂದು ಅದೇ ತಾಕಿಗೆ ಬೆಲೆ ಏರಿದಾಗ ಹೆಸರಿನ ಪ್ರಶ್ನೆ ಎದ್ದಿತು. ಕಾಗದದ ಚಿಂತೆ ಸರ್ಕಾರ ಹುಟ್ಟಿಸಿದ್ದಲ್ಲ; ಮಾರುಕಟ್ಟೆ ಮೊದಲೇ ಹುಟ್ಟಿಸಿತ್ತು. ಗಡುವು ಅದಕ್ಕೆ ದಿನಾಂಕ ಕೊಟ್ಟಿತು, ಅಷ್ಟೆ.

ಒಂದು ತಾಕು, ನಾಲ್ಕು ಹಕ್ಕುದಾರರು

ಭೂ ಕಚೇರಿಯ ಪ್ರಮಾಣಪತ್ರಕ್ಕೆ ಬೇಕಾಗಿರುವುದು ಒಂದು ತಾಕು, ಅದರ ನಾಲ್ಕು ಗಡಿ, ಒಬ್ಬ ಒಡೆಯ. ಒಡೆಯರು ಹಲವರಿದ್ದರೆ ಎಲ್ಲರ ಹೆಸರನ್ನೂ ಬರೆಯಬಹುದು, ಆದರೆ ಅದಕ್ಕೆ ಎಲ್ಲರೂ ಬಂದು ಸಹಿ ಹಾಕಬೇಕು. ಜಾವಾದ ಹಳ್ಳಿಯಲ್ಲಿ ಒಂದು ತಾಕಿನ ಮೇಲೆ ನಿಜವಾಗಿ ಎಷ್ಟು ಜನರ ಹಕ್ಕು ಕುಳಿತಿರುತ್ತದೆ ಎಂಬುದನ್ನು ಗಮನಿಸಬೇಕು.

ಮೊದಲನೆಯದು ಅಣ್ಣತಮ್ಮ, ಅಕ್ಕತಂಗಿಯರ ಹಕ್ಕು. ಗಂಡುಮಗನಿಗೆ ಎರಡು ಪಾಲು, ಹೆಣ್ಣುಮಗಳಿಗೆ ಒಂದು ಎಂಬ ಜಾವಾನೀಯ ರೂಢಿಯೊಂದಿದೆ. ಗಂಡಸು ಅಡ್ಡೆಯಲ್ಲಿ ಎರಡು ಹೊರೆ ಹೊರುತ್ತಾನೆ, ಹೆಂಗಸು ಬೆನ್ನಿನ ಮೇಲೆ ಒಂದು ಹೊರೆ ಹೊರುತ್ತಾಳೆ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಸಮಪಾಲು ಮಾಡುವ ಮನೆಗಳೂ ಅನೇಕ. ಯಾವುದೇ ಆಗಲಿ, ಪಾಲು ಬಾಯಿಮಾತಿನಲ್ಲಿ ಮುಗಿದಿರುತ್ತದೆ. ಜಕಾರ್ತಾಕ್ಕೋ ಮಲೇಷ್ಯಾಕ್ಕೋ ದುಡಿಯಲು ಹೋದ ತಂಗಿಯ ಪಾಲನ್ನು ಊರಲ್ಲಿದ್ದ ಅಣ್ಣ ಉಳುತ್ತಿರುತ್ತಾನೆ. ಗಿರಿಕ್ ಸತ್ತ ತಂದೆಯ ಹೆಸರಿನಲ್ಲಿರುತ್ತದೆ, ಕಂದಾಯ ಅಣ್ಣ ಕಟ್ಟುತ್ತಾನೆ.

ಎರಡನೆಯದು ಅಡವು ಹಿಡಿದವನ ಹಕ್ಕು. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದಾಗ ತಾಕನ್ನು ಭೋಗ್ಯಕ್ಕೆ ಕೊಡುವ ಪದ್ಧತಿ ಜಾವಾದ ಉದ್ದಗಲಕ್ಕೂ ಇದೆ, ಸೆಂಡೆ ಎಂದು ಅದಕ್ಕೆ ಹೆಸರು. ಹಣ ಹಿಂದಿರುಗಿಸುವವರೆಗೆ ಹಣ ಕೊಟ್ಟವನೇ ಬೆಳೆದುಕೊಳ್ಳುತ್ತಾನೆ. ಏಳು ವರ್ಷ ಅನುಭವಿಸಿದರೆ ಒಡೆಯನಿಗೆ ಬಿಡಿಗಾಸೂ ಪಡೆಯದೆ ಮರಳಿಸಬೇಕು ಎಂದು 1960ರ 56ನೇ ಕಾಯ್ದೆ ಹೇಳುತ್ತದೆ. ಬಡವರ ಪರವಾದ ಕಾನೂನು, ಆದರೆ ಹಳ್ಳಿಯ ವ್ಯವಹಾರ ಅದನ್ನು ಕಾಯುತ್ತ ಕೂರುವುದಿಲ್ಲ. ಮೂರನೆಯದು ಅರ್ಧ ಪಾಲಿನ ಕರಾರಿನ ಮೇಲೆ ಉಳುವವನದು. ನಾಲ್ಕನೆಯದು ಹಳ್ಳಿಯದೇ: ಮುಖ್ಯಸ್ಥನಿಗೂ ಸಿಬ್ಬಂದಿಗೂ ಸಂಬಳದ ಬದಲು ಬಿಟ್ಟುಕೊಟ್ಟ ಬೆಂಗ್ಕೊಕ್ ಭೂಮಿ. ಅಧಿಕಾರ ಹೋದರೆ ಭೂಮಿಯೂ ಹೋಗುತ್ತದೆ, ಅದು ಯಾರ ಸ್ವತ್ತೂ ಅಲ್ಲ.

ಈಗ ಅಳತೆ ಸಿಬ್ಬಂದಿ ಹಳ್ಳಿಗೆ ಬರುತ್ತಾರೆ. ಗಡಿಯಲ್ಲಿ ಗೂಟ ನೆಡಬೇಕು, ಪಕ್ಕದ ತಾಕಿನವರು ಬಂದು ಹೌದೆನ್ನಬೇಕು. ಅರ್ಜಿಯಲ್ಲಿ ಅಣ್ಣನ ಹೆಸರು ಹೋಗುತ್ತದೆ. ಸಾಮೂಹಿಕ ನೋಂದಣಿಯಲ್ಲಿ ಆಕ್ಷೇಪಕ್ಕಾಗಿ ಪಟ್ಟಿಯನ್ನು ಗೋಡೆಗೆ ಅಂಟಿಸಿಡುವ ಅವಧಿ 14 ದಿನ. ಕ್ವಾಲಾಲಂಪುರದ ಯಾರದೋ ಅಡುಗೆಮನೆಯಲ್ಲಿರುವ ತಂಗಿಗೆ ಆ ಗೋಡೆ ಕಾಣುವುದಿಲ್ಲ. ಪ್ರಮಾಣಪತ್ರ ಬಂದು ಐದು ವರ್ಷ ಕಳೆದರೆ, ಅದನ್ನು ಸದ್ಭಾವನೆಯಿಂದ ಪಡೆದು ಭೂಮಿಯನ್ನು ಅನುಭವಿಸುತ್ತಿರುವವನ ವಿರುದ್ಧ ದಾವೆ ಹೂಡುವ ಹಕ್ಕನ್ನೂ ನಿಯಮ ಮೊಟಕುಗೊಳಿಸುತ್ತದೆ. ಇಲ್ಲಿ ಯಾರೂ ಮೋಸ ಮಾಡಬೇಕೆಂದೇನಿಲ್ಲ. ಅಣ್ಣ ಒಳ್ಳೆಯವನೇ ಇರಬಹುದು. ತಂಗಿ ಬಂದಾಗ ಪಾಲು ಕೊಟ್ಟೇ ಕೊಡುತ್ತಾನೆ. ಆದರೆ ಅವನ ಮಕ್ಕಳ ಕಾಲಕ್ಕೆ ಉಳಿಯುವುದು ಪ್ರಮಾಣಪತ್ರ ಮಾತ್ರ.

ಹೆಣ್ಣಿನ ಮನೆತನದ ನೆಲ

ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವು ಬೆಟ್ಟಸೀಮೆಯಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಮರಾಪಿ ಜ್ವಾಲಾಮುಖಿಯ ಸುತ್ತಲಿನ ಅಗಾಮ್, ತಾನಾ ದಾತಾರ್ ಜಿಲ್ಲೆಗಳಲ್ಲಿ ಪಿತ್ರಾರ್ಜಿತ ಎನ್ನುವಂತಿಲ್ಲ. ಹೊಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಮೇಲ್ವಿಚಾರಣೆ ಮಾವನದು, ಅಂದರೆ ತಾಯಿಯ ಅಣ್ಣನದು. ಅನುಭವ ಹೆಂಗಸರದು, ಒಡೆತನ ಸತ್ತವರು ಹುಟ್ಟದವರು ಸೇರಿದಂತೆ ಇಡೀ ಮನೆತನದ್ದು. ಇದನ್ನು ಮಾರುವಂತಿಲ್ಲ. ಭೋಗ್ಯಕ್ಕೆ ಇಡಲು ರೂಢಿ ಒಪ್ಪುವುದು ನಾಲ್ಕು ಸಂದರ್ಭಗಳಲ್ಲಿ: ಮನೆಯ ನಡುವೆ ಹೆಣ ಮಲಗಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ಬೆಳೆದ ಮಗಳಿಗೆ ಮದುವೆಯಾಗದಿದ್ದಾಗ, ಮನೆತನದ ದೊಡ್ಡಮನೆಯ ಸೂರು ಸೋರುವಾಗ, ಮುಳುಗಿದ ಮರ್ಯಾದೆಯನ್ನು, ಅಂದರೆ ಮನೆತನದ ಪದವಿಯನ್ನು, ಮೇಲೆತ್ತಬೇಕಾದಾಗ. ಮಗನ ಓದಿಗೆ, ಮೋಟರ್‌ಬೈಕಿಗೆ, ಅಂಗಡಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ರೂಢಿ ಮೀರಿ ಇಟ್ಟವರಿಲ್ಲವೆಂದಲ್ಲ, ಇದ್ದಾರೆ. ಆದರೆ ಮೀರಿದವರಿಗೆ ಮೀರಿದ್ದೇವೆಂದು ಗೊತ್ತಿರುತ್ತದೆ.

ಇಂಥ ನೆಲಕ್ಕೆ ಪ್ರಮಾಣಪತ್ರ ಯಾರ ಹೆಸರಿನಲ್ಲಿ? ಮಾವನ ಹೆಸರಿಗೆ ಮಾಡಿದರೆ, ಮೇಲ್ವಿಚಾರಕ ಕಾಗದದಲ್ಲಿ ಒಡೆಯನಾಗುತ್ತಾನೆ. ಅವನು ಸತ್ತರೆ ಅವನ ಸ್ವಂತ ಮಕ್ಕಳು, ಅಂದರೆ ಬೇರೆ ಮನೆತನಕ್ಕೆ ಸೇರಿದವರು, ವಾರಸುದಾರರೆಂದು ಬರಬಹುದು. ಅನುಭವಿಸುವ ಹೆಂಗಸಿನ ಹೆಸರಿಗೆ ಮಾಡಿದರೆ ಉಳಿದ ಅಕ್ಕತಂಗಿಯರ ಕುಡಿಗಳ ಹಕ್ಕು ಅಳಿಸುತ್ತದೆ. ಎಲ್ಲರ ಹೆಸರು ಬರೆದರೆ ಪಟ್ಟಿ ಮುಗಿಯುವುದಿಲ್ಲ, ಸಹಿಯಂತೂ ದಕ್ಕುವುದೇ ಇಲ್ಲ. ಸಮುದಾಯದ ಹೆಸರಿನಲ್ಲೇ ಭೂಮಿಯನ್ನು ದಾಖಲಿಸುವ ಮಾರ್ಗವನ್ನು ಸಚಿವಾಲಯ 2024ರ 14ನೇ ನಿಯಮದ ಮೂಲಕ ತಿದ್ದಿ ಬರೆದಿದೆ. ಒಳ್ಳೆಯ ಹೆಜ್ಜೆ. ಆದರೆ ಫೆಬ್ರವರಿಯ ಗಡುವಿನ ಗದ್ದಲದಲ್ಲಿ ಹಳ್ಳಿಗರ ಕಿವಿಗೆ ಬಿದ್ದದ್ದು ಬೇಗ ಹೋಗಿ ಹೆಸರು ಮಾಡಿಸಿಕೊಳ್ಳಿ ಎಂಬುದು ಮಾತ್ರ. 96ನೇ ವಿಧಿ ಅನ್ವಯಿಸುವುದು ವ್ಯಕ್ತಿಗತ ಭೂಮಿಯ ಕಾಗದಗಳಿಗೆ, ಸಾಮೂಹಿಕ ಭೂಮಿಗಲ್ಲ ಎಂಬ ಮುಖ್ಯ ಅಂಶ ಎಲ್ಲೋ ಕಳೆದುಹೋಯಿತು.

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ

ಇಷ್ಟು ಓದಿದ ಮೇಲೆ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎನ್ನಿಸಬಹುದು. ಹಾಗೆ ತೀರ್ಮಾನಿಸುವುದು ಅವಸರ. ಗಿರಿಕ್‌ಗಳನ್ನು ನಕಲಿ ಮಾಡುವುದು ಸುಲಭ. ಒಂದೇ ತಾಕಿಗೆ ಎರಡು ಮೂರು ಗಿರಿಕ್ ಹುಟ್ಟಿಕೊಂಡು ನ್ಯಾಯಾಲಯ ಸೇರಿದ ಪ್ರಕರಣಗಳು ಅಸಂಖ್ಯ. ಚಾರಿಕ್‌ನ ಪುಸ್ತಕಕ್ಕೆ ಪ್ರತಿಯಿಲ್ಲ. ಗೆದ್ದಲು ತಿಂದರೆ, ಪ್ರವಾಹ ಬಂದರೆ, ಚಾರಿಕ್‌ನ ಕೈ ಬೆಚ್ಚಗಾದರೆ ಹೋಯಿತು. ಭೂಗಳ್ಳರ ಜಾಲಗಳು ಬದುಕಿದ್ದೇ ಇಂಥ ಹಳೆಯ ಕಾಗದಗಳ ಮೇಲೆ ಎಂಬ ಸಚಿವಾಲಯದ ಮಾತಿನಲ್ಲಿ ಹುರುಳಿದೆ.

ಕೆಲಸದ ಗಾತ್ರವೂ ಸಣ್ಣದಲ್ಲ. ಜೊಕೊ ವಿಡೊಡೊ ಅಧ್ಯಕ್ಷರಾದ ಹೊಸತರಲ್ಲಿ ದೇಶದಲ್ಲಿ ಅಂದಾಜು 12.6 ಕೋಟಿ ತಾಕುಗಳಿದ್ದು, ಪ್ರಮಾಣಪತ್ರ ಇದ್ದದ್ದು 4.6 ಕೋಟಿಗೆ. ಆಗಿನ ವೇಗ ವರ್ಷಕ್ಕೆ ಐದು ಲಕ್ಷ. ಹೀಗೇ ಹೋದರೆ ಉಳಿದ ಎಂಟು ಕೋಟಿಗೆ 160 ವರ್ಷ ಬೇಕೆಂದು ಅವರು ವೇದಿಕೆಯ ಮೇಲೆಲ್ಲ ಲೆಕ್ಕ ಹೇಳುತ್ತಿದ್ದರು. 2017ರಲ್ಲಿ ಶುರುವಾದ ಸಂಪೂರ್ಣ ನೋಂದಣಿ ಕಾರ್ಯಕ್ರಮ ಒಂದೊಂದು ಹಳ್ಳಿಯನ್ನು ಇಡಿಯಾಗಿ ಅಳೆಯತೊಡಗಿತು. ಅಳತೆಯ ಖರ್ಚು ಸರ್ಕಾರದ್ದು. ಗೂಟ, ಛಾಪಾ, ಓಡಾಟಕ್ಕೆ ಹಳ್ಳಿಗರಿಂದ ಪಡೆಯಬಹುದಾದ ಹಣಕ್ಕೆ ಮಿತಿ ಹಾಕಲಾಯಿತು: ಜಾವಾ ಮತ್ತು ಬಾಲಿಯಲ್ಲಿ ತಾಕಿಗೆ ಇಂಡೊನೇಷ್ಯಾದ ಹಣದಲ್ಲಿ ಒಂದೂವರೆ ಲಕ್ಷ ರುಪಿಯಾ, ದೂರದ ಪೂರ್ವ ಪ್ರಾಂತ್ಯಗಳಲ್ಲಿ ನಾಲ್ಕೂವರೆ ಲಕ್ಷದವರೆಗೆ. ವೇಗ ನಿಜಕ್ಕೂ ಹತ್ತಾರು ಪಟ್ಟು ಹೆಚ್ಚಿತು. ಇಷ್ಟು ದೊಡ್ಡ ಕೆಲಸವನ್ನು ಗಡುವಿಲ್ಲದೆ ಮುಗಿಸಲಾಗದು ಎಂಬ ಅಧಿಕಾರಿಗಳ ನಿಲುವು ಅರ್ಥವಾಗುವಂಥದ್ದೇ.

ಪ್ರಮಾಣಪತ್ರ ಸಿಕ್ಕರೆ ಬ್ಯಾಂಕ್ ಸಾಲ ಸಿಗುತ್ತದೆ ಎಂಬುದು ಸರ್ಕಾರದ ಇನ್ನೊಂದು ವಾದ. ಇಲ್ಲಿ ಒಂದು ಕೊಕ್ಕೆಯಿದೆ. ಸೆಂಡೆಗೆ ಇಟ್ಟ ಹೊಲ ನೆರೆಯವನ ಕೈಯಲ್ಲಿರುತ್ತದೆ, ಎಂದಾದರೂ ಬಿಡಿಸಿಕೊಳ್ಳುವ ಆಸೆ ಇರುತ್ತದೆ. ಬ್ಯಾಂಕಿಗೆ ಅಡವಿಟ್ಟ ಹೊಲದ ಕಂತು ತಪ್ಪಿದರೆ ಹರಾಜಾಗುತ್ತದೆ, ಕೊಳ್ಳುವವನು ಊರಿನವನೇ ಆಗಬೇಕೆಂದಿಲ್ಲ. ಬಿತ್ತನೆ, ಗೊಬ್ಬರ, ಔಷಧಿಗೆ ಮೊದಲೇ ಹಣ ಸುರಿಯಬೇಕಾದ ಆಲೂಗಡ್ಡೆಯಂಥ ಬೆಳೆಯಲ್ಲಿ ಒಂದು ರಾತ್ರಿಯ ಹಿಮ ಸಾಕು ಕಂತು ತಪ್ಪಲು.

ಕಾಡಿನ ಗೆರೆ

ಟೀಕಾಕಾರರ ದೊಡ್ಡ ಆಕ್ಷೇಪ ಇರುವುದು ಬೇರೆ ಕಡೆ. ಗಿರಿಕ್ ಆದರೂ ಇದ್ದದ್ದು ಮುಖ್ಯವಾಗಿ ಜಾವಾದಂಥ, ಕಂದಾಯದ ಪುಸ್ತಕ ತಲುಪಿದ್ದ ಕಡೆ. ಸುಲಾವೆಸಿ, ಕಾಲಿಮಂತಾನ್, ಸುಮಾತ್ರಾದ ಒಳನಾಡಿನ ಬೆಟ್ಟಗಳಿಗೆ ಆ ಪುಸ್ತಕ ಎಂದೂ ಹೋಗಲಿಲ್ಲ. ಬದಲಿಗೆ ಹೋದದ್ದು ಅರಣ್ಯ ಇಲಾಖೆಯ ನಕ್ಷೆ. ದೇಶದ ನೆಲದ ಸುಮಾರು ಮೂರರಲ್ಲಿ ಎರಡು ಪಾಲು, ಅಂದಾಜು 12 ಕೋಟಿ ಹೆಕ್ಟೇರ್, ಆ ನಕ್ಷೆಯಲ್ಲಿ ಅರಣ್ಯ ವಲಯ. ಮರ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು; ಅದರೊಳಗೆ ಹಳ್ಳಿ, ಗದ್ದೆ, ಶಾಲೆ, ಸ್ಮಶಾನ ಎಲ್ಲ ಇವೆ. ಭೂ ಕಚೇರಿ ಈ ಗೆರೆಯೊಳಗೆ ಪ್ರಮಾಣಪತ್ರ ಕೊಡುವಂತಿಲ್ಲ. ಗಡುವಿನೊಳಗೆ ನೋಂದಣಿ ಮಾಡಿಸಿ ಎಂದು ಇವರಿಗೆ ಹೇಳುವುದಕ್ಕೂ ಹೇಳದಿರುವುದಕ್ಕೂ ವ್ಯತ್ಯಾಸವಿಲ್ಲ. ಕಂದಾಯ, ಅರಣ್ಯ ಇಲಾಖೆಗಳ ಜಗಳದಲ್ಲಿ ತೋಟ ಸಿಕ್ಕಿಕೊಂಡಿರುವ ಮಲೆನಾಡಿನ ಓದುಗರಿಗೆ ಇದು ಹೊಸ ಕಥೆಯೇನಲ್ಲ.

ಇದರ ಬೇರು 1870ರಲ್ಲಿದೆ. ಒಡೆತನವನ್ನು ಸಾಬೀತುಪಡಿಸಲಾಗದ ಭೂಮಿಯೆಲ್ಲ ಸರ್ಕಾರದ್ದು ಎಂದು ಡಚ್ ಸರ್ಕಾರ ಆಗ ಘೋಷಿಸಿತು. ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫಾನ್ ಫೊಲೆನ್‌ಹೊವೆನ್ ತನ್ನದೇ ಸರ್ಕಾರದ ಈ ನಿಲುವನ್ನು ವರ್ಷಗಟ್ಟಲೆ ಖಂಡಿಸಿದ. ಪಾಳು ಬಿಟ್ಟಂತೆ ಕಾಣುವ ಕಾಡೂ ಯಾವುದೋ ಹಳ್ಳಿಯ ಹತೋಟಿಯಲ್ಲಿದೆ ಎಂಬುದು ಅವನ ವಾದ. ಸ್ವತಂತ್ರ ಇಂಡೊನೇಷ್ಯಾ 1960ರಲ್ಲಿ ಆ ಘೋಷಣೆಯನ್ನು ರದ್ದು ಮಾಡಿತು. ಸಂವಿಧಾನದ 33ನೇ ವಿಧಿ ಸರ್ಕಾರಕ್ಕೆ ಕೊಡುವುದು ಜನಹಿತಕ್ಕಾಗಿ ನಿಯಂತ್ರಿಸುವ ಅಧಿಕಾರವನ್ನು, ಒಡೆತನವನ್ನಲ್ಲ. ಆದರೆ ಸುಹಾರ್ತೊ ಕಾಲದ ಅರಣ್ಯ ಕಾನೂನು ಹಳೆಯದನ್ನು ಹಿಂಬಾಗಿಲಿನಿಂದ ತಂದು ಕೂರಿಸಿತು. 2013ರ ಮೇ 16ರಂದು ಸಾಂವಿಧಾನಿಕ ನ್ಯಾಯಾಲಯ, ಸಾಂಪ್ರದಾಯಿಕ ಸಮುದಾಯಗಳ ಕಾಡು ಸರ್ಕಾರಿ ಕಾಡಲ್ಲ ಎಂದು ತೀರ್ಪು ಕೊಟ್ಟಿತು. ಆದಿವಾಸಿ ಸಮುದಾಯಗಳ ಒಕ್ಕೂಟ ಅಮಾನ್ ಹೂಡಿದ್ದ ಮೊಕದ್ದಮೆ ಅದು. ತೀರ್ಪಿನಡಿ ಮೊದಲ ಒಂಬತ್ತು ಸಮುದಾಯಗಳಿಗೆ ಕಾಡಿನ ಆದೇಶ ಸಿಕ್ಕಿದ್ದು 2016ರ ಡಿಸೆಂಬರ್ 30ರಂದು. ಅವುಗಳಲ್ಲಿ ಉತ್ತರ ಸುಮಾತ್ರಾದ ಬೆಟ್ಟದ ಮೇಲಿನ ಪಂಡುಮಾನ್, ಸಿಪಿತುಹುತಾ ಜನರೂ ಇದ್ದರು. ತಲೆಮಾರುಗಳಿಂದ ಧೂಪದ ಮರ ಕೆತ್ತಿ ಅಂಟು ತೆಗೆದು ಬದುಕಿದವರು, ಕಾಗದ ಕಾರ್ಖಾನೆಗಾಗಿ ನೀಲಗಿರಿ ನೆಡಲು ತಮ್ಮ ಕಾಡು ಹೋಗುತ್ತಿದ್ದುದನ್ನು ತಡೆದವರು.

ಆದರೆ ಆದೇಶ ಸಿಗಬೇಕಾದರೆ ಮೊದಲು ಜಿಲ್ಲಾಡಳಿತ ನೀವು ಸಾಂಪ್ರದಾಯಿಕ ಸಮುದಾಯ ಹೌದೆಂದು ಒಪ್ಪಬೇಕು. ಅಲ್ಲೇ ಬಹುಪಾಲು ಅರ್ಜಿಗಳು ನಿಲ್ಲುತ್ತವೆ. ಈ ಸುತ್ತುಬಳಸನ್ನು ಕಡಿಮೆ ಮಾಡಬಹುದಾದ ಸಾಂಪ್ರದಾಯಿಕ ಸಮುದಾಯಗಳ ಮಸೂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಸತ್ತಿನ ಕಾರ್ಯಸೂಚಿಯಲ್ಲಿ ಹತ್ತುತ್ತ ಇಳಿಯುತ್ತ ಇದೆ. ಹಳ್ಳಿಗರ ಕಾಗದಕ್ಕೆ ಐದು ವರ್ಷದ ಗಡುವು ಹಾಕಿದ ವ್ಯವಸ್ಥೆ ತನ್ನ ಕೆಲಸಕ್ಕೆ ಯಾವ ಗಡುವನ್ನೂ ಹಾಕಿಕೊಂಡಿಲ್ಲ.

ಯಾರೂ ಕಸಿಯದೆ ಕಳೆದುಹೋದ ಭೂಮಿ

ಹಾಗೆಂದು ಸರ್ಕಾರ, ಕಂಪನಿಗಳನ್ನು ದೂರ ಇಟ್ಟರೆ ಹಳ್ಳಿಯ ಸ್ವತ್ತು ಹಳ್ಳಿಯಲ್ಲೇ ಕ್ಷೇಮವಾಗಿರುತ್ತದೆ ಎಂಬ ನಂಬಿಕೆಗೂ ಆಧಾರ ಕಡಿಮೆ. ಮಧ್ಯ ಸುಲಾವೆಸಿಯಲ್ಲಿ ತೊಮಿನಿ ಕೊಲ್ಲಿಯ ಮೇಲಿನ ಕಡಿದಾದ ಬೆಟ್ಟಗಳಲ್ಲಿ ಲಾವುಜೆ ಜನರಿದ್ದಾರೆ. ಅವರ ಬದುಕು ಬದಲಾದ ಬಗೆಯನ್ನು ಮಾನವಶಾಸ್ತ್ರದ ಅಧ್ಯಯನಗಳು ಎರಡು ದಶಕ ಹಿಂಬಾಲಿಸಿವೆ. 1990ರವರೆಗೂ ಅವರದು ಕುಮರಿ ಬೇಸಾಯ: ಕಾಡು ಸವರಿ ಸುಟ್ಟು ಭತ್ತ, ಜೋಳ ಹಾಕಿ, ಆಮೇಲೆ ಪಾಳು ಬಿಟ್ಟು ಮುಂದಕ್ಕೆ. ಹಳೆಯ ಕಾಡನ್ನು ಮೊದಲು ಕಡಿದವನ ದುಡಿಮೆಯೇ ಹಕ್ಕಿನ ಮೂಲ. ಅವನ ಕುಡಿಗಳೆಲ್ಲ ಅದಕ್ಕೆ ಹಕ್ಕುದಾರರು, ಬೇರೆಯವರು ಕೇಳಿಕೊಂಡು ಉಳಬಹುದು. ಒಂದು ವರ್ಷದ ಬೆಳೆಗೆ ಈ ಏರ್ಪಾಡು ಸರಿಹೊಂದುತ್ತಿತ್ತು.

ನಂತರ ಕೋಕೋ ಬಂತು. ಯಾರೂ ಒತ್ತಾಯಿಸಲಿಲ್ಲ, ಜನರೇ ಆಸೆಯಿಂದ ನೆಟ್ಟರು. ಮರ ನೆಟ್ಟ ನೆಲ ಪಾಳಿಗೆ ಮರಳುವುದಿಲ್ಲ, ನೆಟ್ಟವನದಾಗಿ ನಿಲ್ಲುತ್ತದೆ. ಎಲ್ಲರ ಹಕ್ಕಿದ್ದ ಹಳೆ ಕುಮರಿ ನೆಲ ಮೊದಲು ಗಿಡ ಊರಿದವರದಾಯಿತು. ಕೈಯಲ್ಲಿ ಹಣವಿದ್ದವರು, ಕೂಲಿಗೆ ಜನ ಇಡಬಲ್ಲವರು ಹೆಚ್ಚು ನೆಟ್ಟರು. ಸಾಲಕ್ಕೆ ಬಿದ್ದವರು ಮರಗಳನ್ನು ಮಾರಿದರು, ಮರದ ಜತೆ ನೆಲವೂ ಹೋಯಿತು. ತೋಟ ಹಬ್ಬಿದ ಮೇಲೆ ಜೋಳ ಬೆಳೆಯಲು ಜಾಗ ಉಳಿಯಲಿಲ್ಲ, ಊಟಕ್ಕೂ ಹಣ ಬೇಕಾಯಿತು. ಎರಡು ದಶಕದೊಳಗೆ ಒಂದೇ ಕುಟುಂಬದ ಕವಲುಗಳಲ್ಲಿ ತೋಟದೊಡೆಯರೂ ಭೂಹೀನ ಕೂಲಿಗಳೂ ಕಾಣಿಸಿಕೊಂಡರು. ಪೊಲೀಸರು ಬರಲಿಲ್ಲ, ಬುಲ್ಡೋಜರ್ ಬರಲಿಲ್ಲ, ಹಾಗಾಗಿ ಪ್ರತಿಭಟನೆಯೂ ಆಗಲಿಲ್ಲ. ಹೋರಾಟಗಾರರ ಪಟ್ಟಿಯಲ್ಲಿ ಈ ಬಗೆಯ ನಷ್ಟಕ್ಕೆ ಹೆಸರಿಲ್ಲ, ಸರ್ಕಾರದ ಪಟ್ಟಿಯಲ್ಲಂತೂ ಇಲ್ಲವೇ ಇಲ್ಲ.

ಈ ಉದಾಹರಣೆ ಎರಡೂ ಪಕ್ಷಗಳಿಗೆ ಇರುಸುಮುರುಸಿನದು. ರೂಢಿಯನ್ನು ಉಳಿಸಿದರೆ ಸಾಕು ಎನ್ನುವವರಿಗೆ ರೂಢಿಯೇ ಇಲ್ಲಿ ಕೈಕೊಟ್ಟದ್ದನ್ನು ವಿವರಿಸಬೇಕಾಗುತ್ತದೆ. ಕಾಗದ ಕೊಟ್ಟರೆ ಸಾಕು ಎನ್ನುವವರು ಇಂಥ ಬೆಟ್ಟಕ್ಕೆ ಇಂದು ಹೋಗಿ ಪ್ರಮಾಣಪತ್ರ ಹಂಚಿದರೆ, ಆಗಿಹೋದ ಅಸಮಾನತೆಗೆ ಮೊಹರು ಒತ್ತಿದಂತಾಗುತ್ತದೆ.

ಮುಂದೇನಾಗಬಹುದು

ಅರ್ಧ ಹೆಕ್ಟೇರಿಗಿಂತ ಕಡಿಮೆ ನೆಲ ಇರುವ ಕೃಷಿ ಕುಟುಂಬಗಳು 2013ರಲ್ಲಿ 1.42 ಕೋಟಿ ಇದ್ದದ್ದು 2023ರ ಕೃಷಿ ಗಣತಿಯಲ್ಲಿ 1.69 ಕೋಟಿಯಾಗಿವೆ. ತುಂಡು ಚಿಕ್ಕದಾದಷ್ಟೂ ಅದನ್ನು ಅಣ್ಣತಮ್ಮಂದಿರ ನಡುವೆ ಒಡೆದು ನಾಲ್ಕು ಪ್ರಮಾಣಪತ್ರ ಮಾಡಿಸುವುದರಲ್ಲಿ ಅರ್ಥವಿರುವುದಿಲ್ಲ. ಒಬ್ಬನ ಹೆಸರಿಗೆ ಮಾಡಿ ಉಳಿದವರು ಬಾಯಿಮಾತು ನಂಬುತ್ತಾರೆ. ಆದ್ದರಿಂದ ಮುಂದಿನ ಹತ್ತು ವರ್ಷದಲ್ಲಿ ಹಳ್ಳಿಯ ಜಗಳಗಳು ಸರ್ಕಾರದ ವಿರುದ್ಧವಲ್ಲ, ಒಡಹುಟ್ಟಿದವರ ನಡುವೆಯೇ ಹೆಚ್ಚುವ ಸಾಧ್ಯತೆ ದೊಡ್ಡದು. ದಾಯಾದಿ ವ್ಯಾಜ್ಯವನ್ನು ಹಳ್ಳಿಯ ಮುಖ್ಯಸ್ಥನ ಜಗಲಿಯಲ್ಲಿ ಬಗೆಹರಿಸಿಕೊಳ್ಳುತ್ತಿದ್ದವರು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಮೊದಲ ಪ್ರಶ್ನೆ, ಯಾರ ಹೆಸರಿನಲ್ಲಿದೆ ಎಂಬುದೇ.

ವರ್ಗಾವಣೆ ತೆರಿಗೆ ಇನ್ನೊಂದು ತೊಡಕು. ಹೆಸರು ಬದಲಾದಾಗ ನಿಗದಿತ ಮಿತಿ ಮೀರಿದ ಮೌಲ್ಯದ ಮೇಲೆ ಗರಿಷ್ಠ ಶೇ 5ರಷ್ಟು ಕಟ್ಟಬೇಕು. ಪ್ರವಾಸೋದ್ಯಮದಿಂದ ಬೆಲೆ ಏರಿದ ಹಳ್ಳಿಯಲ್ಲಿ, ಹೊಲ ಮಾರುವ ಉದ್ದೇಶವೇ ಇಲ್ಲದವನಿಗೂ ಈ ಮೊತ್ತ ಹೊರೆ. ಒಮ್ಮೆ ಪ್ರಮಾಣಪತ್ರ ಮಾಡಿಸಿದವರು ಮುಂದಿನ ತಲೆಮಾರಿನ ಬದಲಾವಣೆಯನ್ನು ದಾಖಲಿಸದೆ ಬಿಡಲು ಇಷ್ಟು ಕಾರಣ ಸಾಕು. ಆಗ ಹೊಸ ಪ್ರಮಾಣಪತ್ರವೂ ಗಿರಿಕ್‌ನಂತೆ ಸತ್ತವರ ಹೆಸರು ಹೊತ್ತು ಕೂರುತ್ತದೆ, ವಿದ್ಯುನ್ಮಾನ ರೂಪದಲ್ಲಿದ್ದರೂ ಅಷ್ಟೆ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದು ಲೆಟರ್ ಸಿ ಪುಸ್ತಕದ ಗತಿ. ನಿಯಮ ಅದನ್ನು ಸುಳಿವು ಎಂದು ಉಳಿಸಿಕೊಂಡಿದೆ, ಅಂದರೆ ಇನ್ನೂ ನೋಂದಣಿಯಾಗದ ಪ್ರತಿಯೊಬ್ಬರಿಗೂ ಅದು ಬೇಕು. ಆದರೆ ಪುರಾವೆಯ ಬೆಲೆ ಕಳೆದುಕೊಂಡ ಪುಸ್ತಕದಲ್ಲಿ ಗೆರೆ ಎಳೆದು ಹೊಸ ಹೆಸರು ಬರೆಯಲು ಚಾರಿಕ್‌ಗೆ ಕಾರಣವೇನಿದೆ? ಬರೆಸಲು ಹಳ್ಳಿಗನಿಗಾದರೂ ಏನಿದೆ? ಬರೆಯುವುದು ನಿಂತ ದಿನದಿಂದ ಪುಸ್ತಕ ವರ್ಷಕ್ಕೊಂದು ವರ್ಷ ಹಿಂದೆ ಬೀಳುತ್ತದೆ. ಕಡೆಯವರೆಗೂ ನೋಂದಣಿ ಮಾಡಿಸಲಾಗದೆ ಉಳಿಯುವವರು ಊರು ಬಿಟ್ಟು ದುಡಿಯುವವರು, ವಿಧವೆಯರು, ಕಾಡಿನ ಗೆರೆಯ ಅಂಚಿನಲ್ಲಿರುವವರು. ಅವರು ಸುಳಿವು ಹುಡುಕಿಕೊಂಡು ಬರುವ ಹೊತ್ತಿಗೆ ಪುಸ್ತಕದಲ್ಲಿ ಅವರ ಅಜ್ಜನ ಹೆಸರಿರುತ್ತದೆ, ಆ ಅಜ್ಜನ ಹೊಲ ಯಾವುದೆಂದು ಹೇಳಬಲ್ಲ ನೆರೆಯವರು ಇರುವುದಿಲ್ಲ. ಹಳ್ಳಿಯ ಪುಸ್ತಕಗಳನ್ನು ಪ್ರತಿ ಮಾಡಿಸಿ, ಇನ್ನಷ್ಟು ವರ್ಷ ತಿದ್ದಿಸುತ್ತ ಇರಿ ಎಂದು ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿದರೆ ಖರ್ಚು ಹೆಚ್ಚಿಲ್ಲ.